ತಕರಾರು ಎತ್ತುವುದಕ್ಕೂ ಒಂದು ವೇಳೆ ಇದೆ



ಆಟದ ಸುದ್ದಿ ಎಂದ ಕೂಡಲೇ ಪುಟ ತಿರುಗಿಸಬೇಡಿ. ಅದು ಗಂಡುಮಕ್ಕಳ ವಿಷಯ, ನಮಗೇಕೆ ಎನ್ನುವ ಕಾಲ ಕಳೆದುಹೋಗಿದೆ. ವಿಜಯನಗರದ ಅಡ್ಡರಸ್ತೆಗಳಲ್ಲಿ, ರಾಜಾಜಿನಗರ, ಬಸವೇಶ್ವರನಗರದ ಮೈದಾನಗಳಲ್ಲಿ ಆಡುವ ಮಕ್ಕಳನ್ನು ಒಮ್ಮೆ ಗಮನಿಸಿ. ಔಟ್ ಎಂದರೆ ಸಾಕು, ಹತ್ತು ವರ್ಷದ ಹುಡುಗ ಒಂದು ಕೈಯ ಮೇಲೆ ಇನ್ನೊಂದನ್ನು ಅಡ್ಡ ಇಟ್ಟು 'ರಿವ್ಯೂ' ಎನ್ನುತ್ತಾನೆ. ಅಲ್ಲಿ ಕ್ಯಾಮೆರಾ ಇಲ್ಲ, ಮೂರನೇ ಅಂಪೈರ್ ಇಲ್ಲ. ಆದರೂ ಕೇಳುತ್ತಾನೆ. ಒಪ್ಪದಿದ್ದರೆ ಬ್ಯಾಟು ಎತ್ತಿಕೊಂಡು ಮನೆಗೆ ಬಂದು, "ಅಮ್ಮಿ, ಅವರು ಮೋಸ ಮಾಡಿದರು" ಎಂದು ನಿಮ್ಮ ಮುಂದೆ ದೂರು ಇಡುತ್ತಾನೆ. ಅಲ್ಲಿಗೆ ಆಟದ ತೀರ್ಪು ಅಡುಗೆಮನೆಗೇ ಬಂದಂತಾಯಿತು!

ತೀರ್ಪು ತಪ್ಪು ಎನಿಸಿದಾಗ ಏನು ಮಾಡಬೇಕು? ಬಾಯಿ ಮುಚ್ಚಿಕೊಂಡು ಸಹಿಸಬೇಕೇ? ಜಗಳಕ್ಕೆ ನಿಲ್ಲಬೇಕೇ? ಎದ್ದು ಹೊರಟುಬಿಡಬೇಕೇ? ಈ ಪ್ರಶ್ನೆ ಮಕ್ಕಳಿಗೆ ಮಾತ್ರವಲ್ಲ, ಕೋಟಿಗಟ್ಟಲೆ ಹಣದ ಪಂದ್ಯಾವಳಿಗಳಲ್ಲಿ ತಂಡ ನಡೆಸುವ ತರಬೇತುದಾರರಿಗೂ ಇದೆ. ಇದಕ್ಕೆ ಉತ್ತರ ಹುಡುಕುತ್ತಾ ಕ್ರೀಡಾಲೋಕ ಎರಡು ಉಪಾಯಗಳನ್ನು ಕಂಡುಕೊಂಡಿದೆ. ಒಂದು, ತೀರ್ಪನ್ನು ಮತ್ತೊಮ್ಮೆ ನೋಡಿ ಎಂದು ಕೇಳುವ ಹಕ್ಕು. ಇನ್ನೊಂದು, ಆಟವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಎಂದು ಕೇಳುವ ಹಕ್ಕು. ಇವೆರಡೂ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿಯಾಗಿದೆ.

ಕಂಠೀರವದ ಆ ರಾತ್ರಿ

ಕೆಂಗೇರಿಯಲ್ಲೋ ವಿಜಯನಗರದಲ್ಲೋ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ನೇರವಾಗಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಬೇಕು. ಅಲ್ಲಿಂದ ಸ್ವಲ್ಪ ನಡೆದರೆ ಶ್ರೀ ಕಂಠೀರವ ಕ್ರೀಡಾಂಗಣ. 2023ರ ಮಾರ್ಚ್ 3ರಂದು ಅಲ್ಲಿ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಮುಖಾಮುಖಿ. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೆಗೆ.

ತೊಂಬತ್ತು ನಿಮಿಷ ಮುಗಿದರೂ ಗೋಲು ಬರಲಿಲ್ಲ. ಹೆಚ್ಚುವರಿ ಸಮಯ ಆರಂಭವಾಯಿತು. ಕೆಲವೇ ನಿಮಿಷಗಳಲ್ಲಿ ಬೆಂಗಳೂರಿಗೆ ಗೋಲಿನ ಹತ್ತಿರವೇ ಒಂದು ಫ್ರೀ ಕಿಕ್ ಸಿಕ್ಕಿತು. ಇಂಥ ಹೊತ್ತಿನಲ್ಲಿ ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟುತ್ತಾರೆ, ಗೋಲ್‌ಕೀಪರ್ ಕೂಗಿ ಕೂಗಿ ಅವರನ್ನು ಸರಿಮಾಡುತ್ತಾನೆ, ರೆಫರಿ ಸೀಟಿ ಊದಿದ ಮೇಲೆ ಚೆಂಡು ಹಾರುತ್ತದೆ. ನಾವು ಟಿವಿಯಲ್ಲಿ ಸಾಮಾನ್ಯವಾಗಿ ನೋಡುವುದು ಹೀಗೆಯೇ. ಆದರೆ ಸುನಿಲ್ ಛೆಟ್ರಿ ಕಾಯಲಿಲ್ಲ. ಕೇರಳದವರು ಇನ್ನೂ ಗೋಡೆ ಕಟ್ಟುವ ಗಡಿಬಿಡಿಯಲ್ಲಿ ಇರುವಾಗಲೇ ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿನೊಳಗೆ ಹಾಕಿಬಿಟ್ಟರು. ಗೋಲ್‌ಕೀಪರ್ ತನ್ನ ಜಾಗದಲ್ಲಿ ಇರಲೇ ಇಲ್ಲ.

ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ ಎಂದು ಛೆಟ್ರಿ ನಂತರ ತಿಳಿಸಿದರು. ಫುಟ್‌ಬಾಲ್ ನಿಯಮದಲ್ಲಿ ಬೇಗ ಫ್ರೀ ಕಿಕ್ ಹೊಡೆಯಲು ಅವಕಾಶ ಇದೆ. ರೆಫರಿ 'ಸೀಟಿಗೆ ಕಾಯಿ' ಎಂದು ಸೂಚಿಸಿದ್ದರೆ ಮಾತ್ರ ಕಾಯಬೇಕು. ಕೇರಳದವರ ವಾದ ಬೇರೆ. ರೆಫರಿ ಗೋಡೆಯ ಜಾಗ ಗುರುತಿಸುತ್ತಿದ್ದರು, ಆದ್ದರಿಂದ ಆಟ ನಿಂತಿತ್ತು, ಸೀಟಿಯ ನಂತರವೇ ಹೊಡೆಯಬೇಕಿತ್ತು ಎಂದು ಅವರು ಪಟ್ಟು ಹಿಡಿದರು.

ಈಗ ಕೇರಳದ ತರಬೇತುದಾರ ಇವಾನ್ ವುಕೊಮನೋವಿಚ್ ಅವರ ಸ್ಥಿತಿ ಯೋಚಿಸಿ. ತಂಡಕ್ಕೆ ಅನ್ಯಾಯವಾಗಿದೆ ಎಂದು ಅವರಿಗೆ ಮನವರಿಕೆಯಾಗಿದೆ. ಮತ್ತೊಮ್ಮೆ ನೋಡಿ ಎಂದು ಕೇಳೋಣವೆಂದರೆ ಆ ಪಂದ್ಯದಲ್ಲಿ ವೀಡಿಯೊ ರೆಫರಿ ಇಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿ, ಹುಡುಗರನ್ನು ಸಮಾಧಾನ ಮಾಡುತ್ತೇನೆ ಎನ್ನೋಣವೆಂದರೆ ಫುಟ್‌ಬಾಲಿನಲ್ಲಿ ಟೈಮ್‌ಔಟ್ ಎಂಬುದೇ ಇಲ್ಲ. ಎರಡೂ ಬಾಗಿಲು ಮುಚ್ಚಿವೆ. ಅವರು ಮೂರನೇ ಬಾಗಿಲು ತೆರೆದರು. ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು.

ಸುಮಾರು ಇಪ್ಪತ್ತು ನಿಮಿಷ ಕಾದರೂ ಅವರು ಮರಳಲಿಲ್ಲ. ಬೆಂಗಳೂರು 1-0ಯಿಂದ ಗೆದ್ದಿತೆಂದು ಘೋಷಣೆಯಾಯಿತು. ಆ ತಿಂಗಳ ಕೊನೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕೇರಳ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ರೂಪಾಯಿ ದಂಡ. ಇಬ್ಬರೂ ಬಹಿರಂಗವಾಗಿ ಕ್ಷಮೆ ಕೇಳಬೇಕೆಂದೂ ಆದೇಶ ಬಂತು. ಅದೇ ವರ್ಷ ಸೆಪ್ಟೆಂಬರ್ 21ರಂದು ಹೊಸ ಋತುವಿನ ಮೊದಲ ಪಂದ್ಯ ಕೊಚ್ಚಿಯಲ್ಲಿ ನಡೆಯಿತು. ಎದುರಾಳಿ ಅದೇ ಬೆಂಗಳೂರು ಎಫ್‌ಸಿ. ಕೇರಳ 2-1ರಿಂದ ಗೆದ್ದಿತು. ತನ್ನ ಹುಡುಗರ ಆ ಗೆಲುವಿನ ಹೊತ್ತಿಗೆ ತಂಡದ ಬೆಂಚಿನ ಮೇಲೆ ಕೂರುವ ಭಾಗ್ಯ ವುಕೊಮನೋವಿಚ್‌ಗೆ ಇರಲಿಲ್ಲ.

ಆ ಗೋಲು ಸರಿಯೋ ತಪ್ಪೋ ಎಂಬುದನ್ನು ಇಲ್ಲಿ ತೀರ್ಮಾನಿಸುವುದು ಬೇಡ. ವೀಡಿಯೊ ಇದ್ದಿದ್ದರೂ ತೀರ್ಪು ಹಾಗೆಯೇ ಉಳಿಯುತ್ತಿತ್ತೇನೋ. ಆದರೆ ಕೇಳಲು ಒಂದು ದಾರಿ ಇದ್ದಿದ್ದರೆ ಅವರು ಕೇಳುತ್ತಿದ್ದರು, ಉತ್ತರ ಪಡೆಯುತ್ತಿದ್ದರು, ಉಳಿದ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಆಡುತ್ತಿದ್ದರು. ಒಂದು ಗೋಲು ಹೊಡೆದು ಸಮ ಮಾಡಲು ಅಷ್ಟು ಸಮಯ ಕಡಿಮೆಯೇನಲ್ಲ. ಹೊರನಡೆದದ್ದರಿಂದ ಕಳೆದುಕೊಂಡದ್ದು ಆ ನಿಮಿಷಗಳನ್ನು.

ಕೇಳುವ ಹಕ್ಕಿಗೂ ಬೆಲೆ ಇದೆ

ದಾರಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಯೇ? ಅದೂ ಇಲ್ಲ. ಪ್ರತಿ ಸಲವೂ ಪ್ರತಿಯೊಬ್ಬರೂ 'ಇನ್ನೊಮ್ಮೆ ನೋಡಿ' ಎಂದರೆ ಆಟ ಮುಂದೆ ಹೋಗುವುದೇ ಇಲ್ಲ. ಆದ್ದರಿಂದ ಒಂದೊಂದು ಆಟವೂ ಈ ಹಕ್ಕಿಗೆ ಒಂದೊಂದು ಬೇಲಿ ಹಾಕಿದೆ.

ನಿಮ್ಮ ಬಂಧುಗಳು ಅಮೆರಿಕದಲ್ಲಿ ಇದ್ದರೆ ಅಲ್ಲಿನ ಫುಟ್‌ಬಾಲ್ ಬೇರೆಯೇ ಎಂದು ಅವರಿಂದ ಕೇಳಿರುತ್ತೀರಿ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ ಅದು. ಅಲ್ಲಿ ತರಬೇತುದಾರನ ಹತ್ತಿರ ಒಂದು ಕೆಂಪು ಬಟ್ಟೆ ಇರುತ್ತದೆ. ತೀರ್ಪು ತಪ್ಪು ಎನಿಸಿದರೆ ಅದನ್ನು ಮೈದಾನಕ್ಕೆ ಎಸೆಯುತ್ತಾನೆ. ಆಗ ವೀಡಿಯೊ ನೋಡುತ್ತಾರೆ. ಅವನ ಮಾತು ಸುಳ್ಳಾದರೆ ಅವನ ತಂಡ ಒಂದು ಟೈಮ್‌ಔಟ್ ಕಳೆದುಕೊಳ್ಳುತ್ತದೆ. ಅರ್ಧ ಆಟಕ್ಕೆ ಸಿಗುವುದೇ ಮೂರು ಟೈಮ್‌ಔಟ್. ಗಡಿಯಾರದ ಜೊತೆ ಓಡುವ ಆ ಆಟದಲ್ಲಿ ಕೊನೆಯ ನಿಮಿಷಗಳಿಗೆ ಅವು ಚಿನ್ನವಿದ್ದಂತೆ. ಎಲ್ಲ ಟೈಮ್‌ಔಟ್ ಮುಗಿಸಿಕೊಂಡವನಿಗೆ ಬಟ್ಟೆ ಎಸೆಯುವ ಹಕ್ಕೂ ಇಲ್ಲ. ಎಷ್ಟು ಜಾಣ ಏರ್ಪಾಡು ನೋಡಿ! ಒಂದು ಹಕ್ಕಿಗೆ ಇನ್ನೊಂದನ್ನು ಅಡವಿಟ್ಟಂತೆ. ತಕರಾರು ಎತ್ತುವ ಮುನ್ನ ತರಬೇತುದಾರ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. 'ನಾನು ಖಚಿತವಾಗಿ ಕಂಡಿದ್ದೇನೆಯೇ, ಅಥವಾ ಬರೀ ಸಿಟ್ಟು ಬಂದಿದೆಯೇ?'

ಕ್ರಿಕೆಟ್ಟಿನ ನಿಯಮ ಇದಕ್ಕಿಂತ ಬೇರೆ. ಅಲ್ಲಿ ಕೇಳುವ ಹಕ್ಕು ಮೈದಾನದಲ್ಲಿ ಇರುವವರಿಗೆ ಮಾತ್ರ. ಬ್ಯಾಟರ್ ಅಥವಾ ಫೀಲ್ಡಿಂಗ್ ತಂಡದ ನಾಯಕ 15 ಸೆಕೆಂಡಿನೊಳಗೆ ತೀರ್ಮಾನಿಸಬೇಕು. ಹೊರಗೆ ಟಿವಿ ಮುಂದೆ ಕುಳಿತ ತರಬೇತುದಾರ ಕಣ್ಣುಸನ್ನೆ ಮಾಡುವಂತಿಲ್ಲ. 2017ರ ಮಾರ್ಚ್‌ನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಭಾರತ ಮತ್ತು ಆಸ್ಟ್ರೇಲಿಯಾ ಟೆಸ್ಟ್ ಇದಕ್ಕೆ ಪಾಠದಂತಿದೆ. ಆಸ್ಟ್ರೇಲಿಯಾ ಗೆಲ್ಲಲು 188 ರನ್ ಬೇಕಿತ್ತು. ಡೇವಿಡ್ ವಾರ್ನರ್ ತಮ್ಮ ತೀರ್ಪಿನ ಮೇಲೆ ರಿವ್ಯೂ ಕೇಳಿದರು. ತೀರ್ಪು ಬದಲಾಗಲಿಲ್ಲ, ಒಂದು ಅವಕಾಶ ಖರ್ಚಾಯಿತು. ಮುಂದೆ ಶಾನ್ ಮಾರ್ಷ್ ಎಲ್‌ಬಿಡಬ್ಲ್ಯು ಆದರು. ನಾಯಕ ಸ್ಟೀವ್ ಸ್ಮಿತ್ ಜೊತೆ ಮಾತಾಡಿ, ರಿವ್ಯೂ ಕೇಳದೆ ಹೊರಟುಹೋದರು. ಆಮೇಲೆ ನೋಡಿದರೆ ಚೆಂಡು ವಿಕೆಟ್ಟಿಗೆ ತಾಗುತ್ತಲೇ ಇರಲಿಲ್ಲ! ಕೇಳಬೇಕಾದವರು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸ್ಮಿತ್ ಅವರದೇ ಸರದಿ. ಅವರು ರಿವ್ಯೂ ಕೇಳಬೇಕೋ ಬೇಡವೋ ಎಂದು ಡ್ರೆಸ್ಸಿಂಗ್ ಕೋಣೆಯ ಕಡೆ ನೋಡಿದರು. ಅಂಪೈರ್ ನೈಜೆಲ್ ಲಾಂಗ್ ಮಧ್ಯೆ ಬಂದು ತಡೆದರು. ಆ ಹೊತ್ತಿಗೆ ಬುದ್ಧಿ ಮಂಕಾಯಿತು ಎಂದು ಸ್ಮಿತ್ ನಂತರ ಒಪ್ಪಿಕೊಂಡರು. ಆಸ್ಟ್ರೇಲಿಯಾ 112ಕ್ಕೆ ಮುಗಿದು, ಭಾರತ 75 ರನ್‌ಗಳಿಂದ ಗೆದ್ದಿತು.

ಒಂದೇ ಮಧ್ಯಾಹ್ನ ಮೂರು ಬಗೆ. ಫಲ ಕೊಡದ ಪ್ರಶ್ನೆ ಒಂದು, ಕೇಳದೇ ಬಿಟ್ಟ ಪ್ರಶ್ನೆ ಒಂದು, ಕೇಳಬಾರದವರನ್ನು ಕೇಳಿದ್ದು ಒಂದು. ಎರಡೇ ಅವಕಾಶ ಇದ್ದಾಗ ಮೊದಲನೆಯದು ವ್ಯರ್ಥವಾದರೆ ಎರಡನೆಯದನ್ನು ಬಳಸಲು ಕೈ ನಡುಗುತ್ತದೆ. ಇದು ಮನುಷ್ಯಸ್ವಭಾವ. ಆದ್ದರಿಂದಲೇ ಮೊದಲನೆಯದನ್ನು ಎಚ್ಚರಿಕೆಯಿಂದ ಬಳಸಬೇಕು ಎನ್ನುವುದು.

ಹಾಗಾದರೆ ನಾವು ಆಡುವ, ನೋಡುವ ಫುಟ್‌ಬಾಲಿಗೆ ಏನು ದಾರಿ? 2018ರ ರಷ್ಯಾ ವಿಶ್ವಕಪ್‌ನಲ್ಲಿ ವೀಡಿಯೊ ರೆಫರಿಗಳ ವ್ಯವಸ್ಥೆ ಬಂತು. ಅದಕ್ಕೆ ಹತ್ತಾರು ಕ್ಯಾಮೆರಾ, ಪ್ರತ್ಯೇಕ ಕೋಣೆ, ಅಲ್ಲಿ ಕುಳಿತು ನೋಡಲು ತರಬೇತಿ ಪಡೆದ ರೆಫರಿಗಳು ಬೇಕು. ಶ್ರೀಮಂತ ಪಂದ್ಯಾವಳಿಗಳಿಗೆ ಅದು ಸರಿ. ಉಳಿದವರಿಗಾಗಿ ಫಿಫಾ ಸರಳವಾದ ಇನ್ನೊಂದು ಕ್ರಮ ತಂದಿತು. ಇದರಲ್ಲಿ ಕೆಲವೇ ಕ್ಯಾಮೆರಾ ಸಾಕು, ಬೇರೆ ಕೋಣೆಯೂ ಬೇಡ. ಕೇಳುವ ಹಕ್ಕು ತರಬೇತುದಾರನದು. ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸಿ, ನಾಲ್ಕನೇ ಅಧಿಕಾರಿಯ ಕೈಗೆ ಒಂದು ಚೀಟಿ ಕೊಡಬೇಕು. ಆಗ ರೆಫರಿ ತಾನೇ ಅಂಚಿನಲ್ಲಿ ಇಟ್ಟ ಪರದೆಯ ಬಳಿ ಹೋಗಿ ನೋಡುತ್ತಾರೆ. ಪಂದ್ಯಕ್ಕೆ ಇಂಥ ಎರಡು ಅವಕಾಶ. ಮಾತು ನಿಜವಾದರೆ ಚೀಟಿ ಉಳಿಯುತ್ತದೆ, ಸುಳ್ಳಾದರೆ ಹೋಯಿತು. ಅದೂ ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬರ ಬದಲು ಇನ್ನೊಬ್ಬರಿಗೆ ಕಾರ್ಡು ತೋರಿಸಿದ್ದು, ಈ ನಾಲ್ಕು ಸಂದರ್ಭಗಳಲ್ಲಿ ಮಾತ್ರ.

ಫಿಫಾ ತನ್ನ ವಿಶ್ವಕಪ್‌ಗಳಲ್ಲಿ ಇದನ್ನು ಮೊದಲು ಜಾರಿಗೆ ತಂದದ್ದು ಎಲ್ಲಿ ಗೊತ್ತೇ? ಹುಡುಗಿಯರ ಪಂದ್ಯಾವಳಿಗಳಲ್ಲಿ. 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್, ಅದರ ಹಿಂದೆಯೇ ಡೊಮಿನಿಕನ್ ಗಣರಾಜ್ಯದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್. 20 ವರ್ಷದೊಳಗಿನ ಹುಡುಗರ ವಿಶ್ವಕಪ್‌ಗೆ ಇದು ಬಂದದ್ದು 2025ರಲ್ಲಿ, ಚಿಲಿಯಲ್ಲಿ. ನಮ್ಮ ಕ್ರಿಕೆಟ್ಟಿನಲ್ಲೂ ಹೀಗೆಯೇ ಆಯಿತು. ವೈಡ್ ಮತ್ತು ನೋಬಾಲ್ ಬಗ್ಗೆಯೂ ರಿವ್ಯೂ ಕೇಳಬಹುದೆಂಬ ನಿಯಮ 2023ರ ಮಾರ್ಚ್‌ನಲ್ಲಿ ಮಹಿಳಾ ಪ್ರೀಮಿಯರ್ ಲೀಗಿನಲ್ಲಿ ಬಳಕೆಯಾದ ಮೇಲೆಯೇ ಐಪಿಎಲ್‌ಗೆ ಬಂತು.

ಈ ಎರಡು ಚೀಟಿ ಕೈಯಲ್ಲಿದ್ದಾಗ ಜಾಣ ತರಬೇತುದಾರ ಏನು ಮಾಡುತ್ತಾನೆ? ಮೊದಲ ಹತ್ತು ನಿಮಿಷದಲ್ಲಿ ಆಟಗಾರರ ಕೂಗಾಟ ಕೇಳಿ ಒಂದನ್ನು ಕೊಟ್ಟುಬಿಡುವುದಿಲ್ಲ. ಮೈದಾನದ ಆಚೆ ತುದಿಯಲ್ಲಿ ನಡೆದದ್ದು ಅವನಿಗೆ ಸರಿಯಾಗಿ ಕಾಣುವುದಿಲ್ಲ. ಆಗ ತನ್ನ ಆಟಗಾರನ ಮುಖ ನೋಡಬೇಕು. ಹನ್ನೊಂದು ಮಂದಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳುವವರು ಯಾರು, ಬಿದ್ದಾಗಲೆಲ್ಲ ಕೈ ಎತ್ತಿ ಕೂಗುವವರು ಯಾರು ಎಂಬುದು ಅವನಿಗೆ ತಿಳಿದಿರಬೇಕು. ಸುಳ್ಳು ಹೇಳುವ ಆಟಗಾರನನ್ನು ನಂಬಿದರೆ ಚೀಟಿ ಹೋಯಿತು. ಕೊನೆಗೆ ನಿಜವಾದ ಅನ್ಯಾಯ ಆದಾಗ ಕೈ ಖಾಲಿ. ಹಾಗೆಂದು ಎರಡನ್ನೂ ಜೇಬಿನಲ್ಲೇ ಇಟ್ಟುಕೊಂಡು ಸೋತು ಮನೆಗೆ ಹೋಗುವುದೂ ಜಾಣತನವಲ್ಲ. ಕೊನೆಯ ನಿಮಿಷದ ಪೆನಾಲ್ಟಿಗೆ ಅರ್ಧ ಅನುಮಾನ ಇದ್ದರೂ ಕೇಳಬೇಕು, ಇನ್ನು ಉಳಿಸಿಕೊಂಡು ಪ್ರಯೋಜನವೇನು?

ಮೂವತ್ತು ಸೆಕೆಂಡಿನ ಬಿಡುವು

ಇನ್ನು ಎರಡನೇ ಹಕ್ಕು, ಆಟ ನಿಲ್ಲಿಸುವುದು. ಇದನ್ನು ಅರಿಯಲು ನಮ್ಮ ಕಬಡ್ಡಿಗಿಂತ ಒಳ್ಳೆಯ ಶಾಲೆ ಇಲ್ಲ. ಕಬಡ್ಡಿಯ ನಿಯಮದಂತೆ ಪ್ರತಿ ಅರ್ಧದಲ್ಲಿ ತಂಡಕ್ಕೆ 30 ಸೆಕೆಂಡಿನ ಎರಡು ಟೈಮ್‌ಔಟ್ ಇವೆ. ಪ್ರೊ ಕಬಡ್ಡಿಯಲ್ಲಿ ತರಬೇತುದಾರ ತನ್ನ ಹುಡುಗರನ್ನು ಸುತ್ತ ಸೇರಿಸಿಕೊಂಡು ಮಾತಾಡುವುದು ಟಿವಿಯಲ್ಲಿ ನಮಗೂ ಕೇಳಿಸುತ್ತದೆ. ಕೆಲವರು ಬೈಯುತ್ತಾರೆ. ಕೆಲವರು ಹೆಗಲ ಮೇಲೆ ಕೈ ಇಟ್ಟು ಎರಡೇ ಮಾತು ಹೇಳುತ್ತಾರೆ. ನೀವು ಒಮ್ಮೆ ಗಮನವಿಟ್ಟು ಕೇಳಿ. ಐದು ವಿಷಯ ಹೇಳಿದವರ ತಂಡ ಐದನ್ನೂ ಮರೆತು ಹೋಗುತ್ತದೆ. 'ಎಡಮೂಲೆಯವನು ಮುಂದೆ ಬರಬೇಡ' ಎಂದು ಒಂದೇ ಮಾತು ಹೇಳಿದರೆ ಅದು ತಲೆಯಲ್ಲಿ ನಿಲ್ಲುತ್ತದೆ.

ಯಾವಾಗ ನಿಲ್ಲಿಸಬೇಕು ಎಂಬುದೇ ಇಲ್ಲಿನ ಗುಟ್ಟು. ಅಂಗಳದಲ್ಲಿ ಒಬ್ಬಿಬ್ಬರೇ ಉಳಿದು ಇಡೀ ತಂಡ ಔಟಾಗುವ ಅಪಾಯ ಬಂದಾಗ ತರಬೇತುದಾರ ಟೈಮ್‌ಔಟ್ ಕೇಳುತ್ತಾನೆ. ಎಲ್ಲರೂ ಔಟಾದರೆ ಎದುರಾಳಿಗೆ ಎರಡು ಅಂಕ ಹೆಚ್ಚುವರಿ. ಎದುರಾಳಿ ರೈಡರ್ ಒಂದರ ಮೇಲೊಂದು ಅಂಕ ತರುತ್ತಾ ಹುಮ್ಮಸ್ಸಿನಲ್ಲಿ ಇದ್ದಾಗಲೂ ಕೇಳುತ್ತಾನೆ. ಆ ಬಿಡುವಿನಲ್ಲಿ ತನ್ನವರ ಉಸಿರು ಸಮಕ್ಕೆ ಬರುತ್ತದೆ, ಎದುರಿನವನ ಲಯ ಮುರಿಯುತ್ತದೆ. ಕೊನೆಯ ಎರಡು ನಿಮಿಷದಲ್ಲಿ ಎರಡು ಅಂಕ ಮುಂದಿದ್ದಾಗಲೂ ಕೇಳುತ್ತಾನೆ, ಗಡಿಬಿಡಿಯಲ್ಲಿ ಯಾರೂ ತಪ್ಪು ಮಾಡದಿರಲಿ ಎಂದು. ಮೊದಲೇ ಎರಡನ್ನೂ ಮುಗಿಸಿದವನು ಈ ಹೊತ್ತಿನಲ್ಲಿ ಅಂಚಿನಲ್ಲಿ ನಿಂತು ಕೂಗುವುದೊಂದೇ ಉಳಿದ ಕೆಲಸ.

2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ ಮೊದಲ ಬಾರಿಗೆ ಪ್ರಶಸ್ತಿ ಗೆದ್ದದ್ದು ನೆನಪಿದೆಯೇ? ಗುಜರಾತ್ ತಂಡದ ವಿರುದ್ಧ 38-33. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಆ ತಂಡದ ತರಬೇತುದಾರ ರಣಧೀರ್ ಸಿಂಗ್. ಅವರ ಜೊತೆ ಸಹಾಯಕರಾಗಿದ್ದವರು ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್. ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದವರು. ಮುಂದೆ ಮುಖ್ಯ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ತಂಡಗಳಿಗೆ ಪ್ರಶಸ್ತಿ ತಂದುಕೊಟ್ಟರು. ಪುಣೇರಿಯ ಫೈನಲ್ ಮುಗಿದದ್ದು 28-25ರಲ್ಲಿ, ಬರೀ ಮೂರು ಅಂಕದ ಅಂತರ. ಇಂಥ ಪಂದ್ಯದಲ್ಲಿ ಒಂದು ಬಿಡುವನ್ನು ಯಾವಾಗ ಕೇಳಬೇಕು ಎಂಬುದರಲ್ಲೇ ಗೆಲುವು ಸೋಲು ಅಡಗಿರಬಹುದು.

ಫುಟ್‌ಬಾಲಿನಲ್ಲಿ ಟೈಮ್‌ಔಟ್ ಇಲ್ಲ ಎಂದೆನಲ್ಲ, ತರಬೇತುದಾರರು ಅದಕ್ಕೂ ಒಂದು ಕಳ್ಳದಾರಿ ಹುಡುಕಿದ್ದಾರೆ. ತಂಡ ಒತ್ತಡದಲ್ಲಿದ್ದಾಗ ಗೋಲ್‌ಕೀಪರ್ ಕಾಲು ಹಿಡಿದುಕೊಂಡು ಕೂತುಬಿಡುತ್ತಾನೆ. ಗೋಲ್‌ಕೀಪರ್‌ಗೆ ಪೆಟ್ಟಾದರೆ ಆಟ ನಿಲ್ಲಿಸಲೇಬೇಕು. ಅವನಿಗೆ ಉಪಚಾರ ನಡೆಯುತ್ತಿರುವಾಗ ಉಳಿದ ಹತ್ತೂ ಮಂದಿ ಓಡಿಹೋಗಿ ತರಬೇತುದಾರನ ಸುತ್ತ ನಿಲ್ಲುತ್ತಾರೆ! ಇದು ಬುದ್ಧಿವಂತಿಕೆಯೋ ಮೋಸವೋ ನೀವೇ ಹೇಳಿ. ನೇರ ದಾರಿ ಇಲ್ಲದ ಕಡೆ ಅಡ್ಡದಾರಿ ಹುಟ್ಟುತ್ತದೆ. ಐಪಿಎಲ್‌ನವರು 2009ರಲ್ಲೇ ಏಳೂವರೆ ನಿಮಿಷದ 'ಸ್ಟ್ರಾಟೆಜಿಕ್ ಟೈಮ್‌ಔಟ್' ತಂದದ್ದು ನಿಮಗೆ ಗೊತ್ತು. 2026ರ ಫುಟ್‌ಬಾಲ್ ವಿಶ್ವಕಪ್‌ನ ಎಲ್ಲ ಪಂದ್ಯಗಳಲ್ಲೂ ಪ್ರತಿ ಅರ್ಧದ ನಡುವೆ ಮೂರು ನಿಮಿಷ ನೀರು ಕುಡಿಯುವ ಬಿಡುವು ಎಂದು ಫಿಫಾ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೆಸರು ನೀರಿನದು. ಆದರೆ ಆ ಮೂರು ನಿಮಿಷ ಯಾವ ತರಬೇತುದಾರ ತಾನೇ ಸುಮ್ಮನಿರುತ್ತಾನೆ?

ಜ್ಞಾನಭಾರತಿಯ ಹುಡುಗಿಯರು

ಈಗ ನಮ್ಮ ಪಶ್ಚಿಮ ಬೆಂಗಳೂರಿಗೆ ಬರೋಣ. ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಹೋಗುವಾಗ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸಿಗುತ್ತದೆ. ಭಾರತೀಯ ಕ್ರೀಡಾ ಪ್ರಾಧಿಕಾರದ ನೇತಾಜಿ ಸುಭಾಷ್ ದಕ್ಷಿಣ ಕೇಂದ್ರ ಇರುವುದು ಅಲ್ಲೇ. ಭಾರತದ ಮಹಿಳಾ ಹಾಕಿ ತಂಡ ವರ್ಷಗಳಿಂದ ಶಿಬಿರ ಹಾಕಿ ಬೆವರು ಸುರಿಸಿದ ಜಾಗ ಅದು. ಹರಿಯಾಣದ ಸವಿತಾ ಪೂನಿಯಾ, ಜಾರ್ಖಂಡಿನ ಸಲೀಮಾ ಟೇಟೆ ಮುಂತಾದ ಹೆಣ್ಣುಮಕ್ಕಳು ಊರು ಮನೆ ಬಿಟ್ಟು ತಿಂಗಳುಗಟ್ಟಲೆ ಇಲ್ಲಿ ಉಳಿದವರು.

ಹಾಕಿಯಲ್ಲೂ ವೀಡಿಯೊ ರೆಫರಲ್ ಇದೆ. ತಂಡಕ್ಕೆ ಒಂದೇ ಒಂದು. ಕೇಳುವುದು ತರಬೇತುದಾರರಲ್ಲ, ಮೈದಾನದಲ್ಲಿರುವ ಆಟಗಾರ್ತಿ. ಕೇಳಿದ್ದು ಸರಿ ಎಂದಾದರೆ ಅದು ಉಳಿಯುತ್ತದೆ. ಆದರೆ ಯಾವ ರೆಫರಲ್ಲೂ ಸರಿಪಡಿಸಲಾರದ ಅನ್ಯಾಯವೂ ಆಟದಲ್ಲಿ ಇದೆ ಎಂಬುದನ್ನು ಈ ಹುಡುಗಿಯರು 2022ರಲ್ಲಿ ಕಂಡರು.

ಆ ವರ್ಷ ಆಗಸ್ಟ್ 5ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಸೆಮಿಫೈನಲ್. ಬಲಿಷ್ಠ ಆಸ್ಟ್ರೇಲಿಯಾ ವಿರುದ್ಧ ನಮ್ಮವರು 1-1 ಸಮ ಮಾಡಿಕೊಂಡರು. ಶೂಟೌಟ್ ಶುರುವಾಯಿತು. ಹಾಕಿ ಶೂಟೌಟಿನಲ್ಲಿ ಆಟಗಾರ್ತಿಗೆ 8 ಸೆಕೆಂಡು ಮಾತ್ರ ಸಮಯ. ಆಸ್ಟ್ರೇಲಿಯಾದ ಮೊದಲ ಪ್ರಯತ್ನವನ್ನು ಸವಿತಾ ತಡೆದುಬಿಟ್ಟರು. ಸಂಭ್ರಮಿಸುವಷ್ಟರಲ್ಲಿ ಅಂಪೈರ್ ಹೇಳಿದರು, 'ಗಡಿಯಾರ ಶುರುವಾಗಿರಲಿಲ್ಲ, ಮತ್ತೆ ಹೊಡೆಯಬೇಕು.' ಗಡಿಯಾರ ಒತ್ತಬೇಕಾದವರ ತಪ್ಪಿಗೆ ದಂಡ ತೆತ್ತದ್ದು ಸವಿತಾ. ಎರಡನೇ ಸಲ ಗೋಲಾಯಿತು. ನಮ್ಮ ಹುಡುಗಿಯರ ಎದೆ ಕುಸಿಯಿತು. ಶೂಟೌಟ್ 3-0ಯಿಂದ ಹೋಯಿತು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ನಂತರ ಕ್ಷಮೆ ಕೇಳಿತು. ಫಲಿತಾಂಶ ಮಾತ್ರ ಬದಲಾಗಲಿಲ್ಲ.

ಆಗ ತಂಡದ ತರಬೇತುದಾರ್ತಿ ನೆದರ್‌ಲ್ಯಾಂಡ್ಸ್‌ನ ಯಾನೆಕೆ ಶಾಪ್‌ಮನ್. ಆಸ್ಟ್ರೇಲಿಯಾಕ್ಕೆ ಮತ್ತೆ ಅವಕಾಶ ಕೊಟ್ಟದ್ದರಿಂದ ತನ್ನ ಹುಡುಗಿಯರು ನೊಂದರು ಎಂಬುದನ್ನು ಅವರು ಮುಚ್ಚಿಡಲಿಲ್ಲ, ಆದರೆ ಸೋಲಿಗೆ ಅದೇ ನೆಪ ಎಂದೂ ಹೇಳಲಿಲ್ಲ. ಎರಡೇ ದಿನದಲ್ಲಿ ಕಂಚಿನ ಪದಕದ ಪಂದ್ಯ ಇತ್ತು. ಎದುರಿಗೆ ನ್ಯೂಜಿಲೆಂಡ್. ಸಲೀಮಾ ಗೋಲು ಹೊಡೆದರು. ಪಂದ್ಯ ಮುಗಿಯಲು ಕೆಲವೇ ಸೆಕೆಂಡು ಇರುವಾಗ ಎದುರಾಳಿ ಸಮ ಮಾಡಿದರು. ಮತ್ತೆ ಶೂಟೌಟ್! ಎರಡು ದಿನದ ಹಿಂದೆ ಅದೇ ಶೂಟೌಟಿನಲ್ಲಿ ಅತ್ತ ಹುಡುಗಿಯರು. ಈ ಸಲ ಸವಿತಾ ಗೋಡೆಯಂತೆ ನಿಂತರು. ಭಾರತ 2-1ರಿಂದ ಗೆದ್ದಿತು. ಮಹಿಳಾ ಹಾಕಿಗೆ 16 ವರ್ಷಗಳ ನಂತರ ಕಾಮನ್‌ವೆಲ್ತ್ ಪದಕ.

ಕಂಠೀರವದ ಘಟನೆಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಕಡೆ ಅನ್ಯಾಯವಾಯಿತೆಂಬ ನೋವು ಇತ್ತು. ಎರಡೂ ಕಡೆ ಕೇಳಲು ಫಲಕಾರಿಯಾದ ದಾರಿ ಇರಲಿಲ್ಲ. ಒಬ್ಬರು ಹೊರನಡೆದರು, ಇನ್ನೊಬ್ಬರು ಎರಡೇ ದಿನದಲ್ಲಿ ಮತ್ತೆ ಮೈದಾನಕ್ಕೆ ಇಳಿದರು. ತಪ್ಪು ಮಾಡಿದವರು ಕ್ಷಮೆ ಕೇಳುವಂತಾದದ್ದು ಎರಡನೆಯ ಕಡೆ. ಮೊದಲನೆಯ ಕಡೆ ನೊಂದವರೇ ಕ್ಷಮೆ ಕೇಳಬೇಕಾಯಿತು.

ನಮ್ಮ ಮನೆಯ ಅಂಗಳದಲ್ಲಿ

ಇದೆಲ್ಲ ನಮಗೆ ಯಾವ ಉಪಯೋಗಕ್ಕೆ ಎಂದು ಕೇಳುತ್ತೀರಾ? ನಿಮ್ಮ ಮನೆಯಲ್ಲಿ ರೆಫರಿಯೂ ನೀವೇ, ತರಬೇತುದಾರರೂ ನೀವೇ ಅಲ್ಲವೇ?

ಫಲಿತಾಂಶದ ದಿನವನ್ನೇ ತೆಗೆದುಕೊಳ್ಳಿ. ದ್ವಿತೀಯ ಪಿಯುಸಿಯಲ್ಲಿ ಮಗಳಿಗೆ ಲೆಕ್ಕದಲ್ಲಿ ಅಂಕ ಕಡಿಮೆ ಬಂದಿದೆ. ಅವಳು ಅಳುತ್ತಾಳೆ, ತಂದೆ ಸಿಟ್ಟಾಗುತ್ತಾರೆ, ಅಕ್ಕಪಕ್ಕದವರು 'ಮರುಮೌಲ್ಯಮಾಪನಕ್ಕೆ ಹಾಕಿಬಿಡಿ' ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಇದರ ಕ್ರಮ ಹೇಗಿದೆ ನೋಡಿ. ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬೇಕು. ಅದನ್ನು ನೋಡಿದ ಮೇಲೆ ಬೇಕೆನಿಸಿದರೆ ಮರುಮೌಲ್ಯಮಾಪನಕ್ಕೆ ಅರ್ಜಿ. ಎರಡಕ್ಕೂ ವಿಷಯವಾರು ಶುಲ್ಕ ಇದೆ, ಎರಡಕ್ಕೂ ಕೊನೆಯ ದಿನಾಂಕ ಇದೆ. ಇದು ಥೇಟ್ ಆ ಕೆಂಪು ಬಟ್ಟೆಯ ನಿಯಮವೇ!

ಹಾಗಾದರೆ ಒಳ್ಳೆಯ ತರಬೇತುದಾರ್ತಿಯಂತೆ ನಡೆದುಕೊಳ್ಳಿ. ಮೊದಲು ಟೈಮ್‌ಔಟ್ ತೆಗೆದುಕೊಳ್ಳಿ. ಆ ಸಂಜೆ ಯಾವ ತೀರ್ಮಾನವೂ ಬೇಡ. ಮಗಳಿಗೆ ಊಟ ಹಾಕಿ, ಮಲಗಿಸಿ. ಮರುದಿನ ಅವಳನ್ನೇ ಕೇಳಿ, 'ಯಾವ ವಿಷಯದಲ್ಲಿ ನಿನಗೆ ಖಚಿತವಾಗಿ ಅಂಕ ಬರಬೇಕಿತ್ತು?' ಎಲ್ಲ ವಿಷಯಗಳ ಪ್ರತಿ ತರಿಸಿ ಹಣ ಸುರಿಯಬೇಡಿ. ಅವಳು ಹೇಳಿದ ಒಂದೆರಡು ವಿಷಯದ ಪ್ರತಿ ತರಿಸಿ. ಬಂದ ಪ್ರತಿಯನ್ನು ಅವಳ ಉಪನ್ಯಾಸಕರಿಗೆ ತೋರಿಸಿ. ಯಾವ ಪುಟದಲ್ಲಿ ಉತ್ತರ ಸರಿಯಿದ್ದೂ ಅಂಕ ಕೊಟ್ಟಿಲ್ಲ, ಎಲ್ಲಿ ಕೂಡಿಸುವುದರಲ್ಲಿ ತಪ್ಪಾಗಿದೆ ಎಂದು ಬೆರಳಿಟ್ಟು ತೋರಿಸುವಂತಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಡಿ. ಆದರೆ ಅಷ್ಟು ಖಚಿತವಾಗಿದ್ದ ಮೇಲೆ 'ಹೋಗಲಿ ಬಿಡು' ಎಂದು ಸುಮ್ಮನೂ ಆಗಬೇಡಿ. ಶಾನ್ ಮಾರ್ಷ್ ಹಾಗೆ ಹೊರಟುಹೋದದ್ದು ನೆನಪಿರಲಿ. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಮಗನ ಅಂಕಕ್ಕೆ ಓಡಾಡುವ ಮನೆಗಳಲ್ಲೂ ಮಗಳ ಅಂಕದ ಬಗ್ಗೆ 'ಪಾಸಾದಳಲ್ಲ, ಸಾಕು' ಎನ್ನುವುದುಂಟು. ಕೇಳುವ ಹಕ್ಕು ಅವಳಿಗೂ ಇದೆ, ಕೊನೆಯ ದಿನಾಂಕ ಮಾತ್ರ ಅವಳಿಗಾಗಿ ಕಾಯುವುದಿಲ್ಲ.

ಚಿಕ್ಕ ಮಕ್ಕಳ ಜಗಳಕ್ಕೂ ಇದೇ ಕ್ರಮ ಪ್ರಯೋಗಿಸಿ ನೋಡಿ. ಅಣ್ಣ ತಮ್ಮ ದಿನಕ್ಕೆ ಇಪ್ಪತ್ತು ದೂರು ತಂದರೆ ತಾಯಿಗೆ ಯಾವುದು ನಿಜ, ಯಾವುದು ಸುಳ್ಳು ಎಂದು ತಿಳಿಯುವುದಿಲ್ಲ. ಕೊನೆಗೆ ಇಬ್ಬರಿಗೂ ಒಂದೊಂದು ಪೆಟ್ಟು ಬೀಳುತ್ತದೆ, ನಿಜವಾಗಿ ನೊಂದ ಮಗುವಿಗೆ ನ್ಯಾಯ ಸಿಗುವುದಿಲ್ಲ. ಅದರ ಬದಲು ದಿನಕ್ಕೆ ಇಬ್ಬರಿಗೂ ಎರಡೆರಡು ಚೀಟಿ ಕೊಡಿ. ದೂರು ನಿಜವಾದರೆ ಚೀಟಿ ವಾಪಸು. ಸುಳ್ಳಾದರೆ ಚೀಟಿ ನಿಮ್ಮ ಡಬ್ಬಿಗೆ. ಆದರೆ ಹೊಡೆತ, ಗಾಯ, ಹೆದರಿಕೆಯ ವಿಷಯಕ್ಕೆ ಚೀಟಿಯ ಲೆಕ್ಕ ಇಡಬೇಡಿ. ಅಂಥದ್ದನ್ನು ಎಷ್ಟು ಸಲ ಬೇಕಾದರೂ ಬಂದು ಹೇಳಬಹುದು ಎಂದು ಮೊದಲೇ ತಿಳಿಸಿ. ಉಳಿದ ಸಣ್ಣಪುಟ್ಟ ತಕರಾರುಗಳನ್ನು ಮಕ್ಕಳು ನಿಮ್ಮ ಬಳಿ ತರುವ ಮುನ್ನ ತಾವೇ ತೂಗಿ ನೋಡುವುದನ್ನು ಕಲಿಯುತ್ತಾರೆ.

ನೆನಪಿಡಿ, ಈ ಹಕ್ಕು ಉಳಿಯುವುದು ನೀವು ರೆಫರಿಯಾಗಿ ನಿಜವಾಗಿಯೂ ನೋಡಿದರೆ ಮಾತ್ರ. ಮಗು ಚೀಟಿ ಕೊಟ್ಟಾಗ ಒಲೆ ಸಣ್ಣ ಮಾಡಿ ಎರಡು ನಿಮಿಷ ಅದರ ಮಾತು ಕೇಳಿ. ಕೇಳುವವರು ಇದ್ದಾರೆಂದು ಗೊತ್ತಿದ್ದ ಮಗು ಬ್ಯಾಟು ಎತ್ತಿಕೊಂಡು ಆಟದಿಂದ ಹೊರಡುವುದಿಲ್ಲ.